ಕಾಳಣ್ಣ ಬರುವ ತನಕ ಕಾಯಿರಿ

ಸೋಮಾರಿಗಳಲ್ಲಿ ಎರಡು ಬಗೆ. ಕೆಲಸ ಮಾಡದೆ ಸುಮ್ಮನೆ ಕೂರುವವರು ಮೊದಲ ಬಗೆಯವರು. ಅವರಿಂದ ಯಾರಿಗೂ ಅಂಥ ತೊಂದರೆಯಿಲ್ಲ. ಒಂದು ಕೆಲಸವನ್ನು ಮುಂದೆ ಎಂದೂ ಮಾಡಬೇಕಾಗಿ ಬರಬಾರದು ಎಂಬ ಒಂದೇ ಆಸೆಯಿಂದ ಈಗ ಮೈಮುರಿದು ದುಡಿಯುವವರು ಎರಡನೆಯ ಬಗೆ. ಇವರ ಸಹವಾಸ ಕಷ್ಟ. ನಾನು ಈ ಎರಡನೆಯ ಬಗೆಯವನು. ಭಾನುವಾರ ಒಂದು ದೊಡ್ಡ ಪಾತ್ರೆ ತುಂಬ ಹುರುಳಿಕಾಳಿನ ಹುಳಿ ಮಾಡಿಟ್ಟರೆ ಸೋಮವಾರ ಅದು ಮುದ್ದೆಗೆ, ಮಂಗಳವಾರ ಅನ್ನಕ್ಕೆ, ಬುಧವಾರ ಒಂದು ಚೊಂಬು ನೀರು ಬೆರೆಸಿಕೊಂಡು ಸಾರು ಎಂಬ ಹೆಸರಿನಲ್ಲಿ ಮತ್ತೆ ಅನ್ನಕ್ಕೆ. ಒಬ್ಬನೇ ಇರುವವನ ಅಡುಗೆಯಲ್ಲಿ ಒಂದು ಅನುಕೂಲವಿದೆ: ಚೆನ್ನಾಗಿಲ್ಲ ಎಂದು ಮುಖ ಸಿಂಡರಿಸುವವರು ಯಾರೂ ಇರುವುದಿಲ್ಲ. ಒಂದು ಅನಾನುಕೂಲವೂ ಇದೆ. ಅದೂ ಇದೇ.

ನಾನು ತಿಪಟೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಮೇಷ್ಟರು. ಊರು ಶೆಟ್ಟಿಕೆರೆ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರ ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ಇದ್ದೆ. ಮೇಲೆ ಅಟ್ಟ, ಅಟ್ಟದ ತುಂಬ ಒಣಗಲು ಹಾಕಿದ ತೆಂಗಿನಕಾಯಿ. ಇಲಿ ಓಡಾಡಿದರೆ ಕಾಯಿ ಉರುಳುವ ಸದ್ದು. ಮನೆಗೆ ಯಾರೋ ಬಂದಂತಾಗಿ ಎಷ್ಟೋ ಸಲ ‘ಯಾರು?’ ಎಂದು ಕೇಳಿದ್ದೇನೆ. ಮದುವೆಯ ಮಾತನ್ನು ‘ಮುಂದಿನ ವರ್ಷ ನೋಡೋಣ’ ಎಂದು ತಳ್ಳುತ್ತಾ ತಳ್ಳುತ್ತಾ, ಯಾರೂ ಆ ಮಾತನ್ನೇ ಎತ್ತದ ವಯಸ್ಸಿಗೆ ಬಂದು ನಿಂತಿದ್ದೆ. ನನ್ನೊಡನೆ ದಿನಾ ಮಾತಾಡುತ್ತಿದ್ದ ಜೀವ ಲೋಕದಲ್ಲಿ ಒಂದೇ ಒಂದು. ಅದು ನಮ್ಮ ಮೆಷಿನ್ಸ್ ಲ್ಯಾಬಿನ ಅಟೆಂಡರ್ ಕಾಳೇಗೌಡ, ಅಂದರೆ ಕಾಳಣ್ಣ.

ಕಾಳಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಬಾಯಲ್ಲಿ ನಾನು ಅವನಿಗೆ ‘ನೀವು’ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ‘ನೀನು’. ಇದು ಮನಸ್ಸಿನಿಂದ ಬರೆಯುತ್ತಿರುವುದಾದ್ದರಿಂದ ಏಕವಚನವೇ ಇರಲಿ. ಅವನ ಊರು ದಬ್ಬೇಘಟ್ಟ. ಅಲ್ಲಿ ಮೂವತ್ತು ನಲವತ್ತು ತೆಂಗಿನ ಮರ, ಎರಡು ಹಸು. ದಿನಾ ಬೆಳಿಗ್ಗೆ ಹಾಲು ಕರೆದು, ಎರಡು ಬಸ್ಸು ಬದಲಾಯಿಸಿ, ಹತ್ತು ಗಂಟೆಗೆ ಸರಿಯಾಗಿ ಲ್ಯಾಬಿನ ಬೀಗ ತೆಗೆಯುತ್ತಿದ್ದ. ಜೊತೆಯಲ್ಲಿ ಒಂದು ಫ್ಲಾಸ್ಕು, ಎರಡು ಸ್ಟೀಲ್ ಲೋಟ. ಮಧ್ಯಾಹ್ನ ಮೂರು ಗಂಟೆಗೆ ಆ ಫ್ಲಾಸ್ಕಿನ ಮುಚ್ಚಳ ತೆರೆಯುವುದು. ಮನೆಯ ಹಾಲಿನ ಕಾಫಿ. ಏಳೆಂಟು ಗಂಟೆ ಫ್ಲಾಸ್ಕಿನಲ್ಲಿ ಕೂತ ಕಾಫಿಗೆ ಒಂದು ಥರಾ ವಾಸನೆ ಬರುತ್ತದೆ. ನಾನು ಹನ್ನೆರಡು ವರ್ಷ ಆ ವಾಸನೆಯ ಬಗ್ಗೆ ದೂರಿದ್ದೇನೆ, ಹನ್ನೆರಡು ವರ್ಷವೂ ಲೋಟ ಖಾಲಿ ಮಾಡಿದ್ದೇನೆ.

ಅವನ ದೊಡ್ಡ ಗುಣ ಕಿವಿ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮಲಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ, ಒಳಗೆ ಇನ್ನೂ ನೀರಿದೆಯೋ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಉರುಳುತ್ತಿದೆಯೋ ನಮ್ಮ ಕಡೆಯವರಿಗೆ ಗೊತ್ತಾಗಿಬಿಡುತ್ತದೆ. ಕಾಳಣ್ಣ ಅದೇ ಕಿವಿಯನ್ನು ಮೋಟರಿಗೂ ಇಡುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟರಿನ ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ನಾವು ಉಸಿರು ಬಿಗಿಹಿಡಿದು ಕಾಯಬೇಕು. ‘ಇನ್ನೊಂದು ತಿಂಗ್ಳು ಓಡ್ತದೆ ಸಾ. ಆಮೇಕೆ ಬಿಚ್ಚಬೇಕು’ ಎಂದರೆ ಇಪ್ಪತ್ತೊಂಬತ್ತನೆಯ ದಿನ ಅದು ಕಿರುಗುಟ್ಟುತ್ತಿತ್ತು. ನನ್ನ ಹತ್ತಿರ ಎಂ.ಟೆಕ್ ಇತ್ತು, ಕಿವಿ ಇರಲಿಲ್ಲ.

ಇಂಥ ಲ್ಯಾಬಿಗೆ ಒಂದು ದಿನ ಇಂಟರ್ನೆಟ್ ಬಂತು. ಅದರ ಹಿಂದೆಯೇ ನನ್ನ ಎರಡನೆಯ ಬಗೆಯ ಸೋಮಾರಿತನ ಎದ್ದು ಕೂತಿತು. ನಮ್ಮಲ್ಲಿ ಒಳ್ಳೆಯ ಮೋಟರು ಇದ್ದುದು ಒಂದೇ. ಅದಕ್ಕೊಂದು ಜನರೇಟರ್ ಜೋಡಿಸಿ, ಜನರೇಟರಿಗೆ ಎಂಟು ಬಲ್ಬಿನ ಒಂದು ಹಲಗೆ ಕಟ್ಟಿದ್ದೆವು. ಬಲ್ಬು ಒಂದೊಂದಾಗಿ ಹೊತ್ತಿಸಿದಂತೆ ಮೋಟರಿನ ಮೇಲೆ ಹೊರೆ ಏರುತ್ತದೆ, ಆಗ ವೇಗವನ್ನೂ ಕರೆಂಟನ್ನೂ ಬರೆದುಕೊಳ್ಳಬೇಕು. ಪ್ರಯೋಗ ಇಷ್ಟೇ. ಆದರೆ ಅರವತ್ತು ಹುಡುಗರಲ್ಲಿ ಮುಂದೆ ನಿಂತ ನಾಲ್ಕು ಜನ ಮಾಡುವರು, ಉಳಿದ ಐವತ್ತಾರು ಜನ ನಕಲು ಹೊಡೆಯುವರು. ಇದೇ ಪ್ರಯೋಗವನ್ನು ನಾನು ವರ್ಷಕ್ಕೆ ಹತ್ತಾರು ಸಲ ತೋರಿಸಬೇಕು. ಹಾಗಾದರೆ ಮೋಟರು ಇಲ್ಲೇ ಇರಲಿ, ಮುಂದೆ ಒಂದು ಕ್ಯಾಮರಾ ಇರಲಿ, ಹುಡುಗರು ಎಲ್ಲೋ ಕೂತು ಕಂಪ್ಯೂಟರಿನಲ್ಲಿ ಗುಂಡಿ ಒತ್ತಿ ಬಲ್ಬು ಹೊತ್ತಿಸಲಿ ಎಂದು ಹೊರಟೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಇವತ್ತು ಮೋಟರಿಗೆಂದು ಬರೆದ ಸಾಫ್ಟ್‌ವೇರನ್ನು ನಾಳೆ ಸಿವಿಲ್‌ನವರ ನೀರಿನ ತೊಟ್ಟಿಗೆ ಮತ್ತೆ ಯಾಕೆ ಬರೆಯಬೇಕು? ಒಂದೇ ಸಲ ಬರೆದು ಎಲ್ಲ ಲ್ಯಾಬಿಗೂ, ಎಲ್ಲ ಕಾಲೇಜಿಗೂ ಆಗುವಂತೆ ಮಾಡಿಬಿಟ್ಟರೆ ಸಾಯುವ ತನಕ ಆರಾಮ.

ಇದಕ್ಕೊಂದು ನಿಯಮವಿದೆ. ಸಾಫ್ಟ್‌ವೇರನ್ನು ಎರಡು ಭಾಗ ಮಾಡಬೇಕು. ಒಳಗಿನ ತಿರುಳು ಎಲ್ಲ ಕಡೆಗೂ ಒಂದೇ. ಹೊರಗಿನ ಸಿಪ್ಪೆ ಆಯಾ ಲ್ಯಾಬಿನದು. ಯಾವ ಮೋಟರು, ಎಷ್ಟು ಬಲ್ಬು, ಯಾವ ಊರು, ಎಲ್ಲವೂ ಸಿಪ್ಪೆಯಲ್ಲಿರಬೇಕು. ತಿರುಳಿಗೆ ತಾನು ಎಲ್ಲಿದ್ದೇನೆ, ಯಾರ ಜೊತೆಗಿದ್ದೇನೆ ಎಂಬುದೇ ಗೊತ್ತಿರಬಾರದು. ‘ತಿರುಳಿನಲ್ಲಿ ಯಾರ ಹೆಸರೂ ಇರಕೂಡದು’ ಎಂದು ದಪ್ಪ ಅಕ್ಷರದಲ್ಲಿ ಬರೆದು ನನ್ನ ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ. ಕಾಳಣ್ಣ ಅದನ್ನು ಓದಿ, ‘ಪಾಪ, ಅನಾಥ ಮಗೀನಂಗೆ ಆಯ್ತಲ್ಲ ಸಾ ಅದು’ ಎಂದ. ನಾನು ಅವನಿಗೆ ಮರುಬಳಕೆಯ ಮಹತ್ವ ವಿವರಿಸಿದೆ. ‘ಅದು ಬುಡಿ ಸಾ, ನಮ್ಗೆ ಹೇಳ್ಬೇಕಾ? ಮಟ್ಟೆ ಒಲೆಗೆ, ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ. ಆದ್ರೆ ನಾವು ಯಾವ ಮರದ್ದು ಅಂತ ಮರೆಯಾಕಿಲ್ಲ ಕಣ್ ಸಾ’ ಎಂದು ಲೋಟಕ್ಕೆ ಕಾಫಿ ಬಗ್ಗಿಸಿದ.

ಒಂದು ತೊಡಕು ಮಾತ್ರ ಉಳಿಯಿತು. ಹೊರೆ ಹೆಚ್ಚಾದರೆ ಮೋಟರಿನ ಸ್ಟಾರ್ಟರು ತಾನಾಗಿ ಟ್ರಿಪ್ ಆಗಿ ಮೋಟರನ್ನು ನಿಲ್ಲಿಸುತ್ತದೆ, ಸುಟ್ಟುಹೋಗಬಾರದಲ್ಲ. ಆಮೇಲೆ ಸ್ಟಾರ್ಟರಿನ ಮೇಲಿರುವ ಕೆಂಪು ಗುಂಡಿಯನ್ನು ಒಬ್ಬರು ಕೈಯಿಂದ ಒತ್ತಿದರೇ ಅದು ಮತ್ತೆ ಹೊರಡುವುದು. ಆ ಗುಂಡಿಯನ್ನೂ ಸಾಫ್ಟ್‌ವೇರಿನಿಂದಲೇ ಒತ್ತಿಸುತ್ತೇನೆಂದು ಹೋದರೆ ಕಾಳಣ್ಣ ಅಡ್ಡ ನಿಂತ. ‘ಬ್ಯಾಡಿ ಸಾ. ಯಾಕೆ ನಿಂತ್ಕಂತು ಅಂತ ನೋಡ್ದೆ ಒತ್ತಬಾರ್ದು. ಮೈ ಮೇಲೆ ಕೈ ಇಟ್ಟು, ಬಿಸಿ ಇಳೀತಾ ಅಂತ ನೋಡಿ, ಕಿವಿ ಕೊಟ್ಟು ಕೇಳಿ, ಆಮೇಕೆ ಒತ್ತಬೇಕು. ಮೊದ್ಲು ನೀವು ಎಂಟೂ ಬಲ್ಬು ಒಂದೇ ಸಲ ಹಾಕೋದು ಬುಡಿ. ಒಂದೊಂದಾಗಿ ಹಾಕ್ಬೇಕು ಅಂತ ಹುಡುಗ್ರಿಗೆ ಹೇಳ್ತೀರಾ, ನೀವೇ ಹಿಂಗೆ ಮಾಡ್ತೀರಾ.’ ಇದು ನಿಜ. ಎಂಟು ಸಲ ಒತ್ತುವ ಬದಲು ಒಂದೇ ಸಲ ಒತ್ತುವುದು ನನ್ನ ಹಳೆಯ ಚಾಳಿ. ಪ್ರತಿ ಸಲವೂ ಮೋಟರು ಟ್ರಿಪ್ ಆಗುವುದು, ಪ್ರತಿ ಸಲವೂ ಅವನು ಬೈಯುತ್ತಾ ಬಂದು ಕೈಯಿಟ್ಟು ನೋಡುವುದು.

ಸರಿ, ಗುಂಡಿ ಅವನಿಗೇ ಇರಲಿ ಎಂದು ಬಿಟ್ಟೆ. ಆದರೆ ಟ್ರಿಪ್ ಆದಾಗ ದೂರದಲ್ಲಿ ಕೂತ ವಿದ್ಯಾರ್ಥಿಗೆ ಪರದೆಯ ಮೇಲೆ ಏನಾದರೂ ಹೇಳಬೇಕಲ್ಲ? ಮೂರು ಗಂಟೆಯ ಸಮಯ, ಕಾಫಿ ಆರುತ್ತಿತ್ತು. ಆಮೇಲೆ ಸರಿಯಾದ ಒಕ್ಕಣೆ ಹಾಕೋಣವೆಂದು, ಸದ್ಯಕ್ಕೆ ‘ಕಾಳಣ್ಣ ಬರುವ ತನಕ ಕಾಯಿರಿ’ ಎಂದು ಬರೆದೆ. ಬರೆದದ್ದು ಎಲ್ಲಿ? ನೇರವಾಗಿ ತಿರುಳಿನಲ್ಲಿ. ದಪ್ಪ ಅಕ್ಷರದ ಆ ನಿಯಮ ಕಣ್ಣ ಮುಂದೆಯೇ ನೇತಾಡುತ್ತಿತ್ತು. ಲೋಟ ಎತ್ತಿಕೊಂಡೆ, ಮರೆತೆ.

ಪ್ರದರ್ಶನದ ದಿನ ಆಡಳಿತ ಮಂಡಳಿಯವರು, ಬೇರೆ ಬೇರೆ ಕಾಲೇಜಿನ ಐದಾರು ಮೇಷ್ಟರುಗಳು ಪ್ರಿನ್ಸಿಪಾಲರ ಕೋಣೆಯಲ್ಲಿ ಸೇರಿದ್ದರು. ಅಲ್ಲಿ ಕೂತು ನಾನು ಗುಂಡಿ ಒತ್ತಿದೆ. ಕೆಳಗಡೆ ಲ್ಯಾಬಿನಲ್ಲಿ ಮೋಟರು ತಿರುಗಿತು, ಪರದೆಯಲ್ಲಿ ಬಲ್ಬು ಹೊತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಎಂಟಕ್ಕೇ ಬಂದು ಬೇರಿಂಗಿಗೆ ಗ್ರೀಸು ತುಂಬಿದ್ದವನು ಕಾಳಣ್ಣ. ‘ಇವತ್ತೊಂದಿನ ಒಂದೊಂದಾಗಿ ಹಾಕಿ ಸಾ’ ಎಂದು ಕೈಮುಗಿದು ಕೇಳಿಕೊಂಡವನೂ ಅವನೇ. ಇದೆಲ್ಲ ನನಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಪ್ರಿನ್ಸಿಪಾಲರು, ‘ಅಂದ್ರೆ ಲ್ಯಾಬಲ್ಲಿ ಈಗ ಯಾರೂ ಇಲ್ವೇನ್ರೀ?’ ಎಂದು ಬೆರಗಿನಿಂದ ಕೇಳಿದರು. ನನಗೆ ಮೈಮೇಲೆ ಬಂದಂತಾಗಿತ್ತು. ‘ಯಾರೂ ಇಲ್ಲ ಸರ್. ಯಾರೂ ಬೇಕಾಗೂ ಇಲ್ಲ. ಮನುಷ್ಯರ ಅಗತ್ಯವೇ ಇಲ್ಲದ ಹಾಗೆ ಮಾಡಿದ್ದೀನಿ’ ಎಂದೆ. ಹೇಳಿ ತಿರುಗಿದರೆ ಹಿಂದೆ ಕಾಳಣ್ಣ ಅತಿಥಿಗಳಿಗೆ ಕಾಫಿಯ ತಟ್ಟೆ ಹಿಡಿದು ನಿಂತಿದ್ದ. ನನಗೂ ಒಂದು ಲೋಟ ಕೊಟ್ಟ. ಅವನು ಏನಾದರೂ ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ವಾರದೊಳಗೆ ಕಾಳಣ್ಣನ ವರ್ಗಾವಣೆಯ ಆರ್ಡರ್ ಬಂತು. ತುರುವೇಕೆರೆಯ ಕಡೆ ನಮ್ಮದೇ ಆಡಳಿತದ ಒಂದು ಪಾಲಿಟೆಕ್ನಿಕ್ ಇತ್ತು. ಅಲ್ಲಿ ಅಟೆಂಡರ್ ಇಲ್ಲವಂತೆ, ಇಲ್ಲಿ ಅಗತ್ಯವಿಲ್ಲವಂತೆ. ನಾನು ಪ್ರಿನ್ಸಿಪಾಲರ ಬಳಿ ಓಡಿದೆ. ‘ಸರ್, ಕಾಳಣ್ಣ ಇಲ್ದೆ ಲ್ಯಾಬು ನಡೆಯಲ್ಲ’ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ‘ಮನುಷ್ಯರೇ ಬೇಡ ಅಂತ ಹತ್ತು ಜನರ ಮುಂದೆ ಹೇಳಿದ್ದು ನೀವೇ ಕಣ್ರೀ. ಈಗ ನಿಮ್ಮ ಸಾಫ್ಟ್‌ವೇರು ಸುಳ್ಳು ಅಂತೀರೋ?’ ಎಂದರು. ಹೌದು ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಅದು ನಾಲ್ಕು ವರ್ಷ ಕೂತು ಬರೆದದ್ದು. ಮೆಟ್ಟಿಲಿಳಿದು ಬರುವಾಗ, ನಾಳೆ ಹೇಳಿದರಾಯಿತು ಎಂದುಕೊಂಡೆ. ನನ್ನ ಮದುವೆಯ ವಿಷಯದಲ್ಲೂ ಹೀಗೇ ಅಂದುಕೊಂಡಿದ್ದೆ.

ಕೊನೆಯ ದಿನ ಕಾಳಣ್ಣ ಎಲ್ಲ ಬೀಗದ ಕೈಗಳನ್ನೂ ಎಣಿಸಿ ಕೊಟ್ಟ. ನಾನು ನನ್ನ ಸಾಫ್ಟ್‌ವೇರಿನ ಸೀಡಿಯನ್ನು ಅವನ ಕೈಗೆ ಕೊಟ್ಟೆ. ಅಲ್ಲೂ ಇದೇ ಪ್ರಯೋಗ ಶುರು ಮಾಡಬೇಕೆಂದು ಮೇಲಿನ ಅಪ್ಪಣೆ. ‘ತಪ್ಪು ತಿಳ್ಕೋಬೇಡಿ ಕಾಳಣ್ಣ’ ಎಂದೆ. ‘ಅಯ್ಯೋ ಬುಡಿ ಸಾ. ಊರಿಗೆ ಹತ್ರ ಆಯ್ತು. ಒಂದೇ ಬಸ್ಸು’ ಎಂದು ಸೀಡಿಯನ್ನು ಫ್ಲಾಸ್ಕಿನ ಚೀಲದೊಳಗೆ ಇಟ್ಟುಕೊಂಡ. ಬಾಗಿಲ ಹತ್ತಿರ ನಿಂತು, ‘ಮೋಟ್ರು ಮೈ ಮುಟ್ಟಿ ನೋಡ್ತಿರಿ ಸಾ’ ಎಂದು ಹೋದ. ಎರಡು ಲೋಟದಲ್ಲಿ ಒಂದನ್ನು ಕಿಟಕಿಯ ಮೇಲೆ ಬಿಟ್ಟು ಹೋಗಿದ್ದ. ಮರೆತದ್ದೋ, ನನಗೇ ಬಿಟ್ಟದ್ದೋ ಇವತ್ತಿಗೂ ತಿಳಿಯದು.

ಆಮೇಲೆ ನಾನು ಬಯಸಿದ್ದೆಲ್ಲ ಆಯಿತು. ಹುಡುಗರು ಕಂಪ್ಯೂಟರ್ ಕೋಣೆಯಲ್ಲೇ ಕೂತು ಪ್ರಯೋಗ ಮುಗಿಸತೊಡಗಿದರು. ಲ್ಯಾಬಿಗೆ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ನಾನು ಒಬ್ಬನೇ ಕುರ್ಚಿ ಹಾಕಿಕೊಂಡು ಕೂತಿದ್ದರೆ, ಎದುರಿಗೆ ಮೋಟರು ತಾನಾಗಿ ಹೊರಡುವುದು, ಬಲ್ಬುಗಳು ತಾವಾಗಿ ಹೊತ್ತುವುದು, ಆರುವುದು. ದೆವ್ವದ ಮನೆಗೆ ಕಾವಲು ಕೂತಂತಿತ್ತು. ಆಗಾಗ ಮೋಟರು ಟ್ರಿಪ್ ಆಗುವುದು. ಪರದೆಯ ಮೇಲೆ ‘ಕಾಳಣ್ಣ ಬರುವ ತನಕ ಕಾಯಿರಿ’ ಎಂದು ಬರುವುದು. ಮೊದಲ ಸಲ ಬಂದಾಗ ನಾನು ನಿಜವಾಗಿಯೂ ಬಾಗಿಲ ಕಡೆ ನೋಡಿದೆ. ಆಮೇಲೆ ಎದ್ದು ಹೋಗಿ ನಾನೇ ಕಾಳಣ್ಣನಾಗಿ ಮೋಟರಿನ ಮೇಲೆ ಕೈಯಿಟ್ಟೆ. ಬಿಸಿ ಎನ್ನುವುದು ತಿಳಿಯಿತೇ ಹೊರತು, ಎಷ್ಟು ಬಿಸಿಯಾದರೆ ಹೆಚ್ಚು ಎನ್ನುವುದು ತಿಳಿಯಲಿಲ್ಲ. ಸ್ಕ್ರೂಡ್ರೈವರನ್ನು ಕಿವಿಗೆ ಇಟ್ಟು ಕಣ್ಣನ್ನೂ ಮುಚ್ಚಿದೆ. ಗುಯ್ ಎಂದಿತು. ಗುಯ್ ಎಂದರೆ ಏನೆಂದು ಕೇಳಲು ಯಾರೂ ಇರಲಿಲ್ಲ. ಮೂರು ಗಂಟೆಗೆ ಕ್ಯಾಂಟೀನಿನಿಂದ ತಂದ ಕಾಫಿಯನ್ನು ಆ ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕುಡಿದೆ. ಬಿಸಿಯಾಗಿತ್ತು, ಫ್ಲಾಸ್ಕಿನ ವಾಸನೆ ಇರಲಿಲ್ಲ, ಗಂಟಲಲ್ಲಿ ಇಳಿಯಲಿಲ್ಲ.

ತುರುವೇಕೆರೆಯೇನು ದೂರವೇ? ಬಸ್ಸು ಹತ್ತಿದರೆ ಒಂದು ಗಂಟೆಯ ಮಾತು. ಹೋಗಿ, ‘ಕಾಳಣ್ಣ, ಅವತ್ತು ಹಾಗೆ ಅನ್ನಬಾರದಿತ್ತು’ ಎಂದರೆ ಮುಗಿಯಿತು. ಎರಡು ಸಲ ಬಸ್ ಸ್ಟ್ಯಾಂಡಿನ ತನಕ ಹೋದೆ. ಒಂದು ಸಲ ಸೀಟು ಇರಲಿಲ್ಲ. ಇನ್ನೊಂದು ಸಲ ಸೀಟು ಇತ್ತು, ಆದರೂ ವಾಪಸು ಬಂದೆ. ಮುಖ ತೋರಿಸಲು ನಾಚಿಕೆ.

ಹೀಗಿರುವಾಗ ಉತ್ತರ ಕರ್ನಾಟಕದ ಒಂದು ಕಾಲೇಜಿನಿಂದ ಫೋನು ಬಂತು. ಪ್ರದರ್ಶನದ ದಿನ ಬಂದಿದ್ದ ಮೇಷ್ಟರೊಬ್ಬರು ಸೀಡಿ ಒಯ್ದು ಹಾಕಿಕೊಂಡಿದ್ದರು. ‘ಸರ್, ಸಾಫ್ಟ್‌ವೇರ್ ಭಾಳ ಛಲೋ ಐತ್ರಿ. ಆದ್ರ ಈ ಕಾಳಣ್ಣ ಅಂದ್ರ ಯಾರ್ರೀ? ಮೂರು ದಿನ ಆತು, ಹುಡುಗ್ರು ಕಾಯಾಕತ್ತಾರ. ನೀವು ಕಳಸ್ತೀರೇನು, ನಾವ ಕರಸ್ಕೋಬೇಕೇನ್ರೀ?’ ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಊರೂರು ಸುತ್ತಬೇಕಾದ ತಿರುಳಿನೊಳಗೆ ಆ ಹೆಸರು ಹಾಗೇ ಉಳಿದುಬಿಟ್ಟಿತ್ತು. ‘ಅವರು ನಮ್ಮ ಅಟೆಂಡರ್ ಸರ್’ ಎಂದೆ. ‘ಹಂಗಾದ್ರ ನಿಮ್ಮಲ್ಲಿ ಅದಾರಲ್ಲ, ಪುಣ್ಯವಂತ್ರು ಬಿಡ್ರಿ’ ಎಂದರು. ‘ಇಲ್ಲ ಸರ್, ನಾನೂ ಕಾಯ್ತಾ ಇದ್ದೀನಿ’ ಎಂದೆ. ಅವರು ತಮಾಷೆಯೆಂದುಕೊಂಡು ನಕ್ಕರು.

ಕೂಡಲೇ ತುರುವೇಕೆರೆ ಪಾಲಿಟೆಕ್ನಿಕ್ಕಿಗೆ ಫೋನು ಮಾಡಿದೆ. ಅಲ್ಲಿ ಲ್ಯಾಬು ನೋಡಿಕೊಳ್ಳುತ್ತಿದ್ದವರು ನಸೀಮಾ ಮೇಡಂ. ತಂದೆ ಊರಲ್ಲೇ ಪಂಪುಸೆಟ್ಟಿನ ಮೋಟರು ರಿಪೇರಿ ಮಾಡುವವರು, ಹಾಗಾಗಿ ಮೇಡಂಗೆ ಪುಸ್ತಕಕ್ಕಿಂತ ಮೋಟರೇ ಚೆನ್ನಾಗಿ ಗೊತ್ತು. ಸಾಫ್ಟ್‌ವೇರಿನಲ್ಲಿ ಒಂದು ದೊಡ್ಡ ತಪ್ಪಾಗಿದೆ, ಕ್ಷಮಿಸಬೇಕು ಎಂದು ಶುರು ಮಾಡಿದೆ. ‘ತಪ್ಪಾ? ನಮ್ಮಲ್ಲೇನೂ ತೊಂದ್ರೆ ಇಲ್ವಲ್ಲ ಸರ್’ ಎಂದರು. ಮೋಟರು ಟ್ರಿಪ್ ಆದಾಗ ಏನು ಬರುತ್ತದೆ ಎಂದು ಕೇಳಿದೆ. ‘ಕಾಳಣ್ಣ ಬರುವ ತನಕ ಕಾಯಿರಿ ಅಂತ ಬರುತ್ತೆ.’ ‘ಆಮೇಲೆ?’ ‘ಆಮೇಲೇನು ಸರ್, ಕಾಯ್ತೀವಿ. ಬರ್ತಾರೆ.’ ನಾನು ಬರೆದ ಸಾಫ್ಟ್‌ವೇರು ಲೋಕದಲ್ಲಿ ಒಂದೇ ಒಂದು ಕಡೆ ಬರೆದದ್ದು ಬರೆದ ಹಾಗೆ ಕೆಲಸ ಮಾಡುತ್ತಿತ್ತು.

ಆ ಉತ್ತರ ಕರ್ನಾಟಕದ ಮೇಷ್ಟರಿಗೆ ‘ಸಿಬ್ಬಂದಿ ಬರುವ ತನಕ’ ಎಂದು ತಿದ್ದಿದ ತಿರುಳನ್ನು ಕಳಿಸಿದೆ. ತುರುವೇಕೆರೆಗೆ ಕಳಿಸಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ, ಪರೀಕ್ಷಿಸಿ ನೋಡಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡು, ನಮ್ಮ ಕಾಲೇಜಿನ ವಿದ್ಯಾರ್ಥಿ ಎಂದು ನಮೂದಿಸಿ ಇಂಟರ್ನೆಟ್ಟಿನ ಮೂಲಕ ಅವರ ಲ್ಯಾಬಿನ ಒಳಹೊಕ್ಕೆ. ಅವರ ಮೋಟರು ಹೊರಟಿತು. ಎಂಟೂ ಬಲ್ಬು ಒಂದೇ ಸಲ ಹಾಕಿದೆ. ಟ್ರಿಪ್ ಆಯಿತು. ‘ಕಾಳಣ್ಣ ಬರುವ ತನಕ ಕಾಯಿರಿ’ ಎಂದು ಬಂತು. ಕಾದೆ. ಒಂದು ನಿಮಿಷವಾಗಿರಬಹುದು, ಪರದೆಯ ಎಡಗಡೆಯಿಂದ ಒಂದು ಕೈ ಬಂತು. ಕಾಯಿ ಸುಲಿದು ಸುಲಿದು ಕಪ್ಪುಗಟ್ಟಿದ ಹೆಬ್ಬೆರಳು, ತಾಮ್ರದ ಉಂಗುರ. ಮೋಟರಿನ ಮೈಮೇಲೆ ಆ ಕೈ ಸ್ವಲ್ಪ ಹೊತ್ತು ಸುಮ್ಮನೆ ಕೂತಿತು. ಆಮೇಲೆ ಗುಂಡಿ ಒತ್ತಿ ಹೊರಟುಹೋಯಿತು. ನನ್ನ ಕಣ್ಣು ತುಂಬಿ ಬಂದದ್ದನ್ನು ಹೇಳಿಕೊಳ್ಳಲು ಈಗ ನಾಚಿಕೆಯೇನಿಲ್ಲ, ಆಗ ನೋಡಲು ಯಾರೂ ಇರಲಿಲ್ಲ.

ಮಾರನೆಯ ದಿನವೂ ಪರೀಕ್ಷಿಸಿದೆ. ಅದರ ಮಾರನೆಯ ದಿನವೂ. ಮೋಟರಿಗೆ ಕೆಟ್ಟದಾಗುವುದಿಲ್ಲವೇ ಎಂದು ನೀವು ಕೇಳಬಹುದು. ಕೈಯಿಟ್ಟು ನೋಡುವವನು ಅಲ್ಲಿದ್ದ, ಹಾಗಾಗಿ ನನಗೆ ಆ ಭಯವಿರಲಿಲ್ಲ. ನಾಲ್ಕನೆಯ ದಿನ ಕೈ ಗುಂಡಿ ಒತ್ತಲಿಲ್ಲ. ಮುಖವೇ ಬಂತು. ಕಾಳಣ್ಣ, ಎಂಟೂ ಒಟ್ಟಿಗೆ ಹೊತ್ತಿ ಆರಿದ ಬಲ್ಬಿನ ಹಲಗೆಯನ್ನು ನೋಡಿದ, ಗೋಡೆಯ ಗಡಿಯಾರ ನೋಡಿದ, ಆಮೇಲೆ ತಲೆ ಬಾಗಿಸಿ ನೇರವಾಗಿ ಕ್ಯಾಮರಾವನ್ನೇ ನೋಡಿದ. ಧ್ವನಿ ಕೇಳುವ ವ್ಯವಸ್ಥೆಯನ್ನು ನಾನು ಮಾಡಿರಲಿಲ್ಲ. ತುಟಿ ಅಲ್ಲಾಡಿತು, ಬೈದನೆಂದು ಕಾಣುತ್ತದೆ. ಹೋದ. ಫ್ಲಾಸ್ಕು ತಂದ. ಸ್ಟೀಲ್ ಲೋಟದ ತುಂಬ ಕಾಫಿ ಬಗ್ಗಿಸಿ ಕ್ಯಾಮರಾದ ಮುಂದೆ ಇಟ್ಟ. ಹಬೆ ಕೂಡ ಏಳದಷ್ಟು ಆರಿದ ಕಾಫಿ. ನಾನು ಕಿಟಕಿಯ ಮೇಲಿದ್ದ ಲೋಟವನ್ನು ತಂದು ಕಂಪ್ಯೂಟರಿನ ಪಕ್ಕ ಇಟ್ಟುಕೊಂಡೆ. ಅವತ್ತು ಕ್ಯಾಂಟೀನಿನ ಕಾಫಿ ಗಂಟಲಲ್ಲಿ ಇಳಿಯಿತು.

ಮೊನ್ನೆ ನಸೀಮಾ ಮೇಡಂ ಫೋನು ಮಾಡಿದ್ದರು. ಮಾತಿನಲ್ಲಿ ಸಂಕೋಚ. ‘ಸರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾಲೇಜಿನ ಯಾರೋ ಒಬ್ಬ ಸ್ಟೂಡೆಂಟು ದಿನಾ ಮೂರು ಗಂಟೆಗೆ ಬರ್ತಾನೆ. ಎಂಟೂ ಬಲ್ಬು ಒಟ್ಟಿಗೆ ಹಾಕ್ತಾನೆ, ಟ್ರಿಪ್ ಮಾಡ್ತಾನೆ, ಹೋಗ್ತಾನೆ. ಒಂದು ರೀಡಿಂಗೂ ಬರ್ಕೊಳ್ಳಲ್ಲ. ಎರಡು ತಿಂಗಳಾಯ್ತು, ಇನ್ನೂ ಬುದ್ಧಿ ಬಂದಿಲ್ಲ. ಅವನನ್ನ ಒಳಗೆ ಬಿಡೋದು ಬೇಡ, ತಡೆದುಬಿಡೋಣ ಅಂದ್ರೆ ನಮ್ಮ ಕಾಳಣ್ಣ ಒಪ್ತಾ ಇಲ್ಲ ಸರ್. “ಬುಡಿ ಮೇಡಂ, ದಡ್ಡ ಮುಂಡೇದು, ಬರ್ಲಿ. ಅಲ್ಲಿ ಒಬ್ನೇ ಇರ್ತಾನೆ” ಅಂತಾರೆ. ನೀವಾದ್ರೂ ಆ ಹುಡುಗನಿಗೆ ಸ್ವಲ್ಪ ಹೇಳಿ ಸರ್.’

ಕರೆಸಿ ಚೆನ್ನಾಗಿ ಬುದ್ಧಿ ಹೇಳುತ್ತೇನೆ ಎಂದು ಮಾತು ಕೊಟ್ಟು ಫೋನು ಇಟ್ಟೆ. ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷವಿತ್ತು. ಎದ್ದು ಲೋಟ ತೊಳೆದುಕೊಂಡು ಬಂದೆ.